ನಮ್ಮವ್ವ ಬಿಟ್ಟ ಹಕಾರ

ಒಣದ್ರಾಕ್ಷಿ ಕಾದ ಕಬ್ಬಿಣದ ಮೇಲೆ ಬಿದ್ದರೆ ಒಂದು ವಾಸನೆ ಏಳುತ್ತದೆ. ಮೊದಲು ಸಿಹಿ, ಆಮೇಲೆ ಸ್ವಲ್ಪ ಕಹಿ. ಕಬ್ಬು ಅರೆಯುವ ಕಾಲದಲ್ಲಿ ನಮ್ಮ ಭಾರತೀನಗರದ ಗಾಳಿಯಲ್ಲಿ ಇರುತ್ತದಲ್ಲ, ಅದಕ್ಕೆ ದೂರದ ನೆಂಟ. ಇವತ್ತು ಭಾನುವಾರ, ಮಾರ್ಚ್ ತಿಂಗಳ ಒಂದನೇ ತಾರೀಖು. ಬೆಳಿಗ್ಗೆಯಿಂದ ನಾನು ಒಲೆಯ ಮೇಲೆ ರೊಟ್ಟಿ ಹೆಂಚಿಟ್ಟುಕೊಂಡು ಬಿಲ್ಲೆ ಸುಡುತ್ತಿದ್ದೇನೆ. ಮೈದಾ, ಬೆಣ್ಣೆ, ಸಕ್ಕರೆ, ಒಂದು ಮೊಟ್ಟೆ, ಒಂದು ಹಿಡಿ ದ್ರಾಕ್ಷಿ. ಗಾತ್ರದಲ್ಲಿ ಮದ್ದೂರು ವಡೆಗಿಂತ ಚಿಕ್ಕದು, ರುಚಿಯಲ್ಲಿ ಬಿಸ್ಕತ್ತಿಗೂ ಸಿಹಿರೊಟ್ಟಿಗೂ ನಡುವಿನದು. ಇದು ವೇಲ್ಸ್ ಎಂಬ ದೇಶದ ತಿಂಡಿ. ಇವತ್ತು ಅವರ ನಾಡಹಬ್ಬ. ಭಾರತೀನಗರದಲ್ಲಿ ಈ ಹಬ್ಬ ಮಾಡುವುದು ನಮ್ಮದೊಂದೇ ಮನೆ ಎಂದು ಧೈರ್ಯವಾಗಿ ಹೇಳಬಲ್ಲೆ.

“ತಳ ಅತ್ತದೆ ನೋಡು ಮಗ,” ಎಂದು ಜಗಲಿಯಿಂದ ಅವ್ವ ಕೂಗಿದಳು.

“ಹತ್ತಿಲ್ಲ ಅವ್ವ, ಇದು ಹೀಗೇ ಆಗಬೇಕು,” ಎಂದೆ.

“ಅಂಗಾದ್ರೆ ಆಗ್ಲಿ ಬುಡು.”

ನೀವು ಗಮನಿಸಿದಿರೋ ಇಲ್ಲವೋ. ಹೆಣ್ಣಾದ ನನ್ನನ್ನು ‘ಮಗ’ ಎಂದದ್ದು ಬಿಡಿ, ಅದು ನಮ್ಮ ಸೀಮೆಯ ರೂಢಿ. ಅವ್ವ ‘ಅತ್ತದೆ’ ಎಂದಳು, ನಾನು ‘ಹತ್ತಿಲ್ಲ’ ಎಂದೆ. ನಡುವೆ ಒಂದು ಹಕಾರ ಕೂತಿದೆ. ಈ ಹಕಾರದ ದೆಸೆಯಿಂದ ನಾನೂ ಅವ್ವನೂ ಒಂದು ಕಾಲದಲ್ಲಿ ಒಂದೇ ಸೂರಿನ ಕೆಳಗೆ ಮಾತಿಲ್ಲದೆ ಬದುಕಿದೆವು. ಜಗಳವಾಡಿ ಮಾತು ಬಿಟ್ಟಿದ್ದರೆ ಅದೊಂದು ಥರ. ಜಗಳವಾಡುವುದಕ್ಕೂ ಮಾತು ಬೇಕಲ್ಲ, ಅದೂ ಇರಲಿಲ್ಲ.

ಮಂಡ್ಯ ಸೀಮೆಯಲ್ಲಿ ಪದದ ಮೊದಲಿಗೆ ಬರುವ ಹಕಾರಕ್ಕೆ ಯಾರೂ ಮಣೆ ಹಾಕುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹಾಲು ಆಲಾಗುತ್ತದೆ, ಹೆಂಡತಿ ಎಂಡ್ತಿಯಾಗುತ್ತಾಳೆ. ಇದರಿಂದ ಯಾರಿಗೂ ನಷ್ಟವಿಲ್ಲ. ಆಲು ಎಂದ ಮಾತ್ರಕ್ಕೆ ಎಮ್ಮೆ ಕಡಿಮೆ ಕೊಡುವುದಿಲ್ಲ. ತೊಂದರೆ ಶುರುವಾಗುವುದು ನಾವು ನಾಲ್ಕಕ್ಷರ ಕಲಿತು ಪೇಟೆಗೆ ಹೋದಾಗ. ಅಲ್ಲಿ ಯಾರಾದರೂ ನಕ್ಕುಬಿಟ್ಟರೆ ಸಾಕು, ಕೈಗೆ ಉಪ್ಪಿನ ಡಬ್ಬಿ ಸಿಕ್ಕ ಹೊಸ ಸೊಸೆಯ ಹಾಗೆ ಬೇಕಾದ್ದಕ್ಕೂ ಬೇಡದ್ದಕ್ಕೂ ಹಕಾರ ಉದುರಿಸುತ್ತೇವೆ. ಆನೆ ಹಾನೆಯಾಗುತ್ತದೆ, ಇಲಿ ಹಿಲಿಯಾಗುತ್ತದೆ. ಇದು ಬೇರೆ ಸೀಮೆಯವರು ಮಾಡಲಾಗದ ತಪ್ಪು. ಇದಕ್ಕೆ ನಮ್ಮಲ್ಲೇ ಹುಟ್ಟಬೇಕು.

ನಾನು ಹುಟ್ಟಿದ್ದು ಮಳವಳ್ಳಿ ಕಡೆಯ ಒಂದು ಊರಿನಲ್ಲಿ. ಕನ್ನಡದಲ್ಲಿ ಎಂ.ಎ. ಮಾಡಿದೆ, ಬಿ.ಎಡ್. ಮಾಡಿದೆ. ಹದಿನೆಂಟು ವರ್ಷದ ಹಿಂದೆ ಮಂಡ್ಯದ ಒಂದು ಶಾಲೆಗೆ ಕನ್ನಡ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದೆ. ಡೆಮೊ ಕ್ಲಾಸ್ ತಗೊಳ್ಳಿ ಎಂದರು. ಒಂಬತ್ತನೇ ತರಗತಿ, ನಲವತ್ತು ಮಕ್ಕಳು, ಹಿಂದಿನ ಬೆಂಚಿನಲ್ಲಿ ಮುಖ್ಯೋಪಾಧ್ಯಾಯರು. ಪಾಠ ಆದೇಶ ಸಂಧಿ. ನಿಮಗೆ ಮರೆತಿದ್ದರೆ ಜ್ಞಾಪಿಸುತ್ತೇನೆ: ಮಳೆ, ಕಾಲ ಎರಡೂ ಸೇರಿದರೆ ಮಳೆಗಾಲ. ಬೆಟ್ಟ, ತಾವರೆ ಸೇರಿದರೆ ಬೆಟ್ಟದಾವರೆ. ಕಣ್, ಪನಿ ಸೇರಿದರೆ ಕಂಬನಿ. ಎರಡನೆಯ ಪದದ ಮೊದಲಕ್ಷರ ಗಡಸುತನ ಬಿಟ್ಟು ಮೆತ್ತಗಾಗುತ್ತದೆ. ಇಷ್ಟೇ.

ನಾನು ಬೋರ್ಡಿನ ಕಡೆ ತಿರುಗಿ, “ಅಳಗನ್ನಡ ಎಂಬುದನ್ನು ಬಿಡಿಸಿದರೆ,” ಎಂದೆ. ಹಿಂದಿನಿಂದ ಕಿಸಕ್ ಎಂದು ಒಂದು ನಗು. ಹಳಗನ್ನಡ ಎನ್ನಬೇಕಿತ್ತು. ಇನ್ನು ಒಂದೇ ಒಂದು ಹಕಾರ ಬಿಡಬಾರದು ಎಂದು ಹಲ್ಲು ಕಚ್ಚಿ ಹೇಳಿದೆ: “ಹುದಾಹರಣೆಗೆ, ಹಾದೇಶ ಸಂಧಿಯಲ್ಲಿ...”

ತರಗತಿಗೆ ತರಗತಿಯೇ ಬೆಂಚು ಬಡಿದು ನಕ್ಕಿತು. ಮುಖ್ಯೋಪಾಧ್ಯಾಯರು ಕರವಸ್ತ್ರ ಬಾಯಿಗೆ ಒತ್ತಿಕೊಂಡು ಎದ್ದು ಬಂದರು. “ಅಮ್ಮಾ, ಸಂಧಿ ಆಮೇಲಾಗಲಿ. ನೀವು ಅಕ್ಷರಮಾಲೆ ಕಲಿತು ಬನ್ನಿ,” ಎಂದರು. ಈಗ ನೆನೆದರೆ ನನಗೂ ನಗು ಬರುತ್ತದೆ. ಆವತ್ತು ಮಾತ್ರ ಮಂಡ್ಯದಿಂದ ಊರಿನವರೆಗೆ ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಅತ್ತೆ. ಕಂಡಕ್ಟರು, “ಗಾಳಿ ಒಡೀತದೆ, ಗಾಜು ಆಕ್ಕಳಮ್ಮ,” ಎಂದ. ಅವನ ಮಾತಿನಲ್ಲೂ ಹಕಾರ ಇರಲಿಲ್ಲ. ಅದಕ್ಕೂ ಸಿಟ್ಟು ಬಂತು.

ಮನೆಗೆ ಬಂದೆ. ಅವ್ವ ಓಡಿಬಂದು, “ಏನಾಯ್ತಮ್ಮಿ? ಏನೇಳುದ್ರು?” ಎಂದಳು.

“ಏನೇಳುದ್ರು ಅಲ್ಲ, ಏನು ಹೇಳಿದರು ಅನ್ನು. ನಿನ್ನ ಮಾತು ಕೇಳಿ ಕೇಳಿ ನನ್ನ ಬಾಯೂ ಹಾಳಾಗಿದೆ.”

ಅವತ್ತು ಶುರುವಾಯಿತು ನೋಡಿ ನನ್ನ ತಿದ್ದಾಟ. ಅವ್ವ ‘ಅಸಿಟ್ಟು’ ಎಂದರೆ ‘ಹಸಿಟ್ಟು’, ‘ಉಣಸೆಣ್ಣು’ ಎಂದರೆ ‘ಹುಣಸೆಹಣ್ಣು’. ಅವಳು ಒಂದು ವಾರ ಪ್ರಯತ್ನಪಟ್ಟಳು. ಉಣಬಡಿಸುವಾಗ, “ಹನ್ನ ಆಕ್ಲಾ?” ಎಂದಳು. ಅನ್ನಕ್ಕೆ ಹಕಾರ ಬಂದಿತ್ತು, ಹಾಕುವುದಕ್ಕೆ ಬಂದಿರಲಿಲ್ಲ. ನಾನು ತಟ್ಟೆ ಬಿಟ್ಟು ಎದ್ದೆ. ಅಲ್ಲಿಂದಾಚೆಗೆ ಅವ್ವ ನನ್ನೆದುರು ಬಾಯಿ ಬಿಡುವುದನ್ನೇ ಕಡಿಮೆ ಮಾಡಿದಳು. ಊರಿಗೆಲ್ಲ ಕೇಳುವ ಹಾಗೆ ಕುರಿ ಕರೆಯುವ ಹೆಂಗಸು, ನಾನು ಒಳಗೆ ಬಂದರೆ ಕೈಸನ್ನೆಗೆ ಇಳಿಯುತ್ತಿದ್ದಳು.

ಒಂದು ದಿನ ಮಂಡ್ಯದಿಂದ ನನ್ನ ಸ್ನೇಹಿತೆ ಬಂದಳು. ಅವ್ವ ಕಾಫಿ ಕೊಟ್ಟಳು, ಕೋಡುಬಳೆ ಕೊಟ್ಟಳು, ನಗುನಗುತ್ತ ಪಕ್ಕದಲ್ಲಿ ನಿಂತಳು. ತುಟಿ ಪಿಟಕ್ಕೆನ್ನಲಿಲ್ಲ. ಬಸ್ ಸ್ಟಾಪಿಗೆ ಬಿಡಲು ಹೋದಾಗ ಸ್ನೇಹಿತೆ ಮೆಲ್ಲಗೆ ಕೇಳಿದಳು: “ನಿಮ್ಮಮ್ಮಂಗೆ ಮಾತು ಬರಲ್ವಾ?”

ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಬಸ್ ಬಂತೇನೋ ನೋಡು ಎಂದೆ. ನನ್ನ ಬದುಕಿನಲ್ಲಿ ನಾನು ಮಾಡಿದ ಅತಿ ಕೆಟ್ಟ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ.

ಇದಾದ ಎರಡು ತಿಂಗಳಿಗೆ ಅಂಗಾರಕ್ಕ ನಮ್ಮ ಮನೆಗೆ ಬಂದಳು.

ಅವಳ ನಿಜವಾದ ಹೆಸರು ಅಂಗ್‌ಹಾರದ್. ಮಂಡ್ಯದ ಪಶುವೈದ್ಯರೊಬ್ಬರು ಕರೆದುಕೊಂಡು ಬಂದಿದ್ದರು. ನಮ್ಮ ಸೀಮೆಯ ಬಂಡೂರು ಕುರಿ ಗೊತ್ತಲ್ಲ, ಕಾಲು ಗಿಡ್ಡ, ಮೈ ಪೀಪಾಯಿ, ಅದನ್ನು ನೋಡಿ ಅಧ್ಯಯನ ಮಾಡಲು ವೇಲ್ಸ್‌ನಿಂದ ಬಂದವಳು. ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅಪ್ಪನ ಹತ್ತಿರ ಒಳ್ಳೆಯ ತಳಿಯ ಮಂದೆ ಇತ್ತು, ಮನೆಯಲ್ಲಿ ಅರೆಬರೆ ಇಂಗ್ಲಿಷ್ ಬಲ್ಲ ನಾನಿದ್ದೆ, ಕೆಲಸವೂ ಇರಲಿಲ್ಲ. ನಾಲ್ಕು ತಿಂಗಳು ನಮ್ಮಲ್ಲೇ ಇರುವುದೆಂದು ಗೊತ್ತಾಯಿತು. ಬಂದ ಮೊದಲ ದಿನವೇ ಅವಳ ಹೆಸರಿನ ನಡುವಿನ ಹಕಾರವನ್ನು ಊರವರು ಕಿತ್ತು ಬಿಸಾಡಿದರು. “ಅಂಗಾರಾನಾ? ಮಂಗಳವಾರ ಉಟ್ಟಿದ್ಳಾ?” ಎಂದಳು ಪಕ್ಕದ ಮನೆಯ ಅಜ್ಜಿ. ನನಗೆ ನಾಚಿಕೆಯಾಗಿ, ತಿದ್ದಲು ಹೋದೆ. ಅಂಗಾರಕ್ಕ ನಕ್ಕು ಇಂಗ್ಲಿಷಿನಲ್ಲಿ, “ಬಿಡು, ಚೆನ್ನಾಗಿದೆ,” ಎಂದಳು.

ಒಂದೇ ಒಂದು ಮಾತಿಗೆ ಅವಳಿಗೆ ಕೋಪ ಬರುತ್ತಿತ್ತು. ಯಾರಾದರೂ ‘ಇಂಗ್ಲೀಸ್ನೋಳು’ ಎಂದರೆ ಅವಳ ಕಿವಿ ಕೆಂಪಾಗುತ್ತಿತ್ತು. ವೇಲ್ಸ್ ಇರುವುದು ಇಂಗ್ಲೆಂಡಿನ ಪಡುವಣಕ್ಕೆ, ಅಂಟಿಕೊಂಡ ಹಾಗೆ. ಚಿಕ್ಕ ದೇಶ, ಗುಡ್ಡಬೆಟ್ಟ, ಮಳೆ, ಮನುಷ್ಯರಿಗಿಂತ ಕುರಿ ಹೆಚ್ಚು. ಬಾವುಟದಲ್ಲಿ ಕೆಂಪು ಡ್ರ್ಯಾಗನ್, ಬೆಂಕಿ ಉಗುಳುವ ರೆಕ್ಕೆಯ ಹಾವು ಎನ್ನಿ. ಭಾಷೆ ಬೇರೆ, ಇಂಗ್ಲಿಷಿಗೂ ಅದಕ್ಕೂ ತಲೆ ಬಾಲ ಸಂಬಂಧವಿಲ್ಲ. ವೇಲ್ಸ್ ಎಂಬ ಹೆಸರು ಅವರು ಇಟ್ಟುಕೊಂಡಿದ್ದೂ ಅಲ್ಲವಂತೆ. ಆಮೇಲೆ ಬಂದ ಇಂಗ್ಲಿಷಿನವರು ಮೊದಲಿನಿಂದ ಇದ್ದವರನ್ನು ತಮ್ಮ ಭಾಷೆಯಲ್ಲಿ ‘ಪರಕೀಯರು’ ಎಂದು ಕರೆದರು, ಅದೇ ನಿಂತಿತು. ಅವರು ತಮ್ಮ ನಾಡನ್ನು ಕರೆಯುವುದು ಕಮ್ರಿ ಎಂದು. ಜೊತೆಯವರ ನಾಡು ಎಂದು ಅರ್ಥ. ನಾನು ಇದನ್ನೆಲ್ಲ ಅನುವಾದ ಮಾಡಿ ಹೇಳಿದಾಗ ಅಪ್ಪ ಬೀಡಿ ಆರಿಸಿ, “ಒಲ ಅವರ್ದು, ಬಂದೋನು ಅವರ್ನೇ ಯಾರ್ಲಾ ನೀನು ಅಂದಂಗಾಯ್ತು,” ಎಂದ.

ಕೊಟ್ಟಿಗೆಯ ಬಾಗಿಲಲ್ಲಿದ್ದ ಅವ್ವ ಮರೆತು ಬಾಯಿ ಬಿಟ್ಟಳು: “ನಮ್ಮನ್ನ ಮೈಸೂರ್ನೋರು ಅಂದ್ರೆ ನಾವು ಬುಟ್ಟೇವಾ? ಕ್ವಾಪ ಬರ್ದೆ ಇದ್ದಾತಾ?” ಹೇಳಿ, ನನ್ನ ಕಡೆ ನೋಡಿ, ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಅಂಗಾರಕ್ಕ ಅದನ್ನು ನೋಡಿದಳು.

ಅವಳು ಕನ್ನಡ ಕಲಿತದ್ದು ನನ್ನಿಂದಲ್ಲ. ನಾನು ವ್ಯಾಕರಣದ ಪುಸ್ತಕ ಕೊಟ್ಟೆ, ಅದನ್ನು ದಿಂಬಿನ ಕೆಳಗಿಟ್ಟು ಅವ್ವನ ಹಿಂದೆ ಹೋದಳು. ನಾನಿಲ್ಲದ ಕಡೆ ಅವ್ವನಿಗೆ ಮಾತು ಬರುತ್ತಿತ್ತಲ್ಲ. ಹೊಲದ ಬದುವಿನಲ್ಲಿ, ಕೊಟ್ಟಿಗೆಯಲ್ಲಿ ಇಬ್ಬರದೂ ಒಂದೇ ಸಮನೆ ಮಾತು. ಕುರಿ ಸಾಕಿದ ಮನೆಯ ಹೆಣ್ಣು ಕುರಿ ಸಾಕಿದ ಮನೆಗೆ ಬಂದಿದ್ದಳು. ಕುರಿಗೆ ಜ್ವರ ಬಂದರೆ ಕಿವಿ ಮುಟ್ಟಿ ನೋಡಬೇಕು ಎಂಬುದು ಇಬ್ಬರಿಗೂ ಮೊದಲೇ ಗೊತ್ತಿತ್ತು. ಅಂಗಾರಕ್ಕನ ಭಾಷೆಯಲ್ಲಿ ಲಕಾರ ಎರಡು ಒಟ್ಟಿಗೆ ಬಂದರೆ ನಾಲಿಗೆ ಮೇಲಕ್ಕಂಟಿಸಿ ಪಕ್ಕದಿಂದ ಗಾಳಿ ಬಿಡಬೇಕಂತೆ. ಎಂ.ಎ. ಓದಿದ ನನಗೆ ಅದು ಬರಲಿಲ್ಲ. ಅವ್ವ ಮೊದಲ ಸಲಕ್ಕೇ ಹೇಳಿಬಿಟ್ಟಳು. “ಇದ್ಯಾವ್ ಮಾ ಕಷ್ಟ, ಬಾತುಕೋಳಿ ಸಿಟ್ಟಾದ್ರೆ ಇಂಗೇ ಅಲ್ವಾ ಅನ್ನಾದು,” ಎಂದಳಂತೆ.

ಎರಡನೆಯ ತಿಂಗಳು. ಬೆಳಿಗ್ಗೆ ಕುರಿಗೆ ಸೊಪ್ಪು ಕಟ್ಟುತ್ತಿದ್ದರು. ನಾನು ಕಾಫಿ ತಗೊಂಡು ಹೋದೆ. ಅಂಗಾರಕ್ಕ ಅಗಸೆ ಸೊಪ್ಪಿನ ಕಟ್ಟು ಎತ್ತಿ, “ಅವ್ವ, ಅಸಿ ಸೊಪ್ಪು ಆಕ್ಲಾ?” ಎಂದಳು. ಎಷ್ಟು ಚೆನ್ನಾಗಿ ಹೇಳಿದಳು ಎಂದರೆ ಕಣ್ಣು ಮುಚ್ಚಿಕೊಂಡಿದ್ದರೆ ನಮ್ಮ ಊರಿನ ಹುಡುಗಿಯೇ.

ನನ್ನ ಬಾಯಿ ಸುಮ್ಮನಿರಬೇಕಲ್ಲ. “ಹಸಿ ಅನ್ನಬೇಕು. ಹಾಕಲಾ ಅನ್ನಬೇಕು,” ಎಂದೆ.

“ಅವ್ವ ಅಸಿ ಅಂತಾಳೆ.”

“ಅವ್ವ ತಪ್ಪು ಮಾತಾಡ್ತಾಳೆ.”

ಅವ್ವ ತಲೆ ಎತ್ತಲಿಲ್ಲ. ಸೊಪ್ಪಿಗೆ ಹಗ್ಗ ಬಿಗಿಯುತ್ತ, ಬೇಸರವೂ ಇಲ್ಲದ ದನಿಯಲ್ಲಿ, “ದಿಟ ಕಣವ್ವ. ನಂದು ಒಲಸು ಮಾತು. ನಮ್ಮುಡ್ಗಿ ಓದವ್ಳೆ, ಅವ್ಳೇಳ್ದಂಗೇ ಏಳು,” ಎಂದಳು.

ಅಂಗಾರಕ್ಕ ಸೊಪ್ಪು ಕೆಳಗಿಟ್ಟಳು. ಕಾಫಿ ಮುಟ್ಟಲಿಲ್ಲ. ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ನನಗೆ ಇಂಗ್ಲಿಷಿನಲ್ಲಿ ಒಂದು ಸಂಗತಿ ಹೇಳಿದಳು. ಅವಳ ಅಜ್ಜಿಯ ಅಜ್ಜಿ ಶಾಲೆಗೆ ಹೋಗುತ್ತಿದ್ದ ಕಾಲದ್ದು. ಅಲ್ಲಿನ ಕೆಲವು ಶಾಲೆಗಳಲ್ಲಿ ಮಕ್ಕಳು ಇಂಗ್ಲಿಷೇ ಆಡಬೇಕು. ಯಾವುದಾದರೂ ಮಗು ಮನೆಮಾತು ಆಡಿಬಿಟ್ಟರೆ ಮೇಷ್ಟ್ರು ಅದರ ಕುತ್ತಿಗೆಗೆ ದಾರ ಕಟ್ಟಿದ ಒಂದು ಮರದ ತುಂಡು ನೇತುಹಾಕುತ್ತಿದ್ದರು. ಅದನ್ನು ಕಳಚಲು ಒಂದೇ ದಾರಿ. ಮನೆಮಾತು ಆಡುವ ಇನ್ನೊಂದು ಮಗುವನ್ನು ಹಿಡಿದುಕೊಡಬೇಕು. ಆಗ ತುಂಡು ಅದರ ಕುತ್ತಿಗೆಗೆ ಹೋಗುತ್ತದೆ. ಸಂಜೆ ಗಂಟೆ ಹೊಡೆದಾಗ ಯಾರ ಕುತ್ತಿಗೆಯಲ್ಲಿ ಇದೆಯೋ ಅವರಿಗೆ ಬೆತ್ತದ ಏಟು.

“ಆ ಅಜ್ಜಿ ಒಂದು ಸಲ ತಪ್ಪಿಸಿಕೊಳ್ಳಲು ತನ್ನ ತಂಗಿಯ ಹೆಸರು ಹೇಳಿಬಿಟ್ಟಳಂತೆ. ಎಂಬತ್ತು ವರ್ಷವಾದರೂ ಅದನ್ನೇ ನೆನೆದು ಅಳುತ್ತಿದ್ದಳಂತೆ,” ಎಂದಳು ಅಂಗಾರಕ್ಕ. ಅಷ್ಟು ಹೇಳಿ ಕಾಫಿ ಕುಡಿದಳು.

ನನ್ನನ್ನು ಬೇರೆ ಅನ್ನುವುದೇನು ಉಳಿದಿತ್ತು? ಮಂಡ್ಯದ ಶಾಲೆಯಲ್ಲಿ ನನ್ನ ಕುತ್ತಿಗೆಗೆ ಬಿದ್ದದ್ದನ್ನು ನಾನು ಬಿಚ್ಚಿ ತಂದು ಅವ್ವನಿಗೆ ಕಟ್ಟಿದ್ದೆ. ಹಿಡಿದುಕೊಡಲು ನನಗೆ ಬೇರೆ ಯಾರೂ ಸಿಕ್ಕಿರಲಿಲ್ಲ. “ಏನಂತೆ?” ಎಂದು ಅವ್ವ ಕಣ್ಣಲ್ಲೇ ಕೇಳಿದಳು. ನಾನು ಖಾಲಿ ಲೋಟ ಎತ್ತಿಕೊಂಡೆ. ಹಿತ್ತಲಿಗೆ ಹೋಗಿ ಅದನ್ನು ತುಂಬ ಹೊತ್ತು ತೊಳೆದೆ.

ಅವತ್ತಿನಿಂದ ಅವ್ವನನ್ನು ತಿದ್ದುವುದು ಬಿಟ್ಟೆ. ಆದರೆ ಅವ್ವನ ಮಾತು ವಾಪಸ್ ಬರಲಿಲ್ಲ. ಬಿಗಿದ ಗಂಟನ್ನು ಕಟ್ಟಿದವಳು ಬಿಚ್ಚಿದೆ ಅಂದುಕೊಂಡರೆ ಸಾಲದು, ಕಟ್ಟಿಸಿಕೊಂಡವಳಿಗೆ ಅದು ಬಿಚ್ಚಿದೆ ಎಂದು ಗೊತ್ತಾಗಬೇಕು.

ಒಂದು ಮಧ್ಯಾಹ್ನ ಜಗಲಿಯಲ್ಲಿ ಅಂಗಾರಕ್ಕ ನನ್ನ ನೋಟ್ ಪುಸ್ತಕ ತಿರುವುತ್ತಿದ್ದಳು. ಆ ದರಿದ್ರದ ಆದೇಶ ಸಂಧಿಯ ಪುಟ ಬಂತು. ಏನಿದು ಎಂದಳು. ಕ, ತ, ಪ ಮೆತ್ತಗಾಗಿ ಗ, ದ, ಬ ಆಗುವುದು ಎಂದು ವಿವರಿಸಿದೆ. ಅವಳು ಪುಸ್ತಕ ಕೆಳಗೆ ಹಾಕಿ ಎದ್ದು ನಿಂತುಬಿಟ್ಟಳು.

“ಇದು ನಮ್ಮದು!” ಎಂದಳು.

ನಿಮ್ಮದು ಹೇಗಾಗುತ್ತದೆ ಎಂದೆ. ಅವಳು ಬೆರಳು ಮಡಿಸುತ್ತ ಹೇಳಿದಳು. ಅವರಲ್ಲಿ ತಂದೆಗೆ ತಾದ್. ಅವನ ತಂದೆ ಎನ್ನಬೇಕಾದರೆ ಇ ದಾದ್. ತಕಾರ ದಕಾರವಾಯಿತು. ತಲೆಗೆ ಪೆನ್, ಅವನ ತಲೆ ಎಂದರೆ ಇ ಬೆನ್. ಅವರ ನಾಡು ಕಮ್ರಿ, ಕಮ್ರಿಗೆ ಹೋಗುತ್ತೇನೆ ಎನ್ನುವಾಗ ಗಮ್ರಿ. ತಾವರೆ ದಾವರೆಯಾದಂತೆ, ಪನಿ ಬನಿಯಾದಂತೆ, ಕನ್ನಡ ಹಳಗನ್ನಡದಲ್ಲಿ ಗನ್ನಡವಾದಂತೆ! ತಡಿ ಎಂದು ಕೇಳಿದೆ: “ಮಕಾರ ಏನಾಗುತ್ತದೆ?” ನಮ್ಮಲ್ಲಿ ಮೆಲ್, ಮಾತು ಸೇರಿದರೆ ಮೆಲ್ವಾತು. ಅವಳೆಂದಳು: “ಅಮ್ಮನಿಗೆ ಮಾಮ್. ಅವನ ಅಮ್ಮ, ಇ ವಾಮ್.” ನಾನು ಜಗಲಿ ಕಂಬ ಹಿಡಿದುಕೊಂಡು ನಕ್ಕೆ. ಸಮುದ್ರದಾಚೆಯ ಯಾವುದೋ ಗುಡ್ಡದ ಜನ ಕೇಶಿರಾಜನನ್ನು ಕಾಣದೆಯೇ ಸಂಧಿ ಮಾಡುತ್ತ ಕೂತಿದ್ದಾರೆ.

“ಇನ್ನೊಂದಿದೆ,” ಎಂದಳು ಅವಳು. “ಹೆಸರಿಗೆ ಎನು. ಅವನ ಹೆಸರು, ಇ ಎನು. ಅವಳ ಹೆಸರು ಎನ್ನಬೇಕಾದರೆ ಇ ಹೆನು. ಅವನದಾದರೆ ಹಕಾರ ಇಲ್ಲ. ಅವಳದಾದರೆ ಹಕಾರ ಬಂದು ಕೂರುತ್ತದೆ.”

“ಎಲ್ಲಿಂದ ಬರುತ್ತದೆ?”

“ಗೊತ್ತಿಲ್ಲ,” ಎಂದಳು. ಆಮೇಲೆ ಕಣ್ಣು ಮಿಟುಕಿಸಿ, ಕನ್ನಡದಲ್ಲಿ, “ನಿಮ್ ಅವ್ವ ಬುಟ್ಟುದ್ದು ಅಲ್ಲಿಗ್ ಬಂದದೆ,” ಎಂದಳು.

ನಾನು ನಗುತ್ತ ತಿರುಗಿ ನೋಡಿದೆ. ಬಾಗಿಲ ಹಿಂದೆ ಅವ್ವ ನಿಂತಿದ್ದಳು. ಅವಳೂ ನಗುತ್ತಿದ್ದಳು, ಸೆರಗು ಬಾಯಿಗೆ ಇಟ್ಟುಕೊಂಡು.

ಅದೇ ತಿಂಗಳು ಭಾರತೀನಗರದ ಒಂದು ಶಾಲೆಯಲ್ಲಿ ಕನ್ನಡ ಟೀಚರ್ ಬೇಕಾಗಿದ್ದಾರೆ ಎಂದು ಗೊತ್ತಾಯಿತು. ಹೋಗುವುದಿಲ್ಲ ಎಂದೆ. ಅಂಗಾರಕ್ಕ ನನ್ನ ಅರ್ಜಿಯನ್ನು ತಾನೇ ತಗೊಂಡು ಹೋಗಿ ಕೊಟ್ಟು ಬಂದಳು. ಮತ್ತೆ ಡೆಮೊ ಕ್ಲಾಸು. ಯಾವ ಪಾಠ ಬೇಕಾದರೂ ಮಾಡಬಹುದು ಎಂದಿದ್ದರು. ನಾನು ಆದೇಶ ಸಂಧಿಯನ್ನೇ ಆರಿಸಿದೆ. ಹೊರಡುವ ಬೆಳಿಗ್ಗೆ ಅವ್ವನ ಹತ್ತಿರ ಹೋಗಿ, “ನೀನೂ ಬಾ,” ಎಂದೆ.

ಅವ್ವ ಗಾಬರಿಯಾದಳು. “ನಾನ್ಯಾಕವ್ವ? ನಿಂಗೆ ಅವಮಾನ.”

“ನೀನು ಬರದಿದ್ದರೆ ನಾನೂ ಹೋಗುವುದಿಲ್ಲ.”

ಅವ್ವ ಮದುವೆಮನೆಗೆ ಉಡುವ ಸೀರೆ ಉಟ್ಟಳು. ಬಸ್ಸಿನಲ್ಲಿ ಉಸಿರೆತ್ತಲಿಲ್ಲ. ಶಾಲೆಯ ಅಂಗಳದಲ್ಲಿ, ತರಗತಿಯ ಕಿಟಕಿಗೆ ಕಾಣುವ ಹಾಗೆ ಒಂದು ಹೊಂಗೆಮರ ಇತ್ತು. ಅದರ ಬುಡದಲ್ಲಿ ಕೂತಳು. ನಾನು ಒಳಗೆ ಹೋದೆ.

ಮೊದಲ ಐದು ನಿಮಿಷ ಚೆನ್ನಾಗಿತ್ತು. ಆರನೆಯ ನಿಮಿಷಕ್ಕೆ, ನಂಬುತ್ತೀರೋ ಇಲ್ಲವೋ, “ಅಳಗನ್ನಡ” ಎಂದೆ. ಅದೇ ಪದ, ಅದೇ ಕಿಸಕ್ ನಗು. ನನ್ನ ಕಣ್ಣು ತಾನಾಗಿ ಕಿಟಕಿಯ ಕಡೆ ಹೋಯಿತು. ಮಕ್ಕಳ ನಗು ಕೇಳಿಸಿ ಅವ್ವ ಒಮ್ಮೆ ತಲೆ ಎತ್ತಿ ನೋಡಿದಳು. ಆಮೇಲೆ ತಲೆ ತಗ್ಗಿಸಿದಳು. ತನ್ನಿಂದಲೇ ಹೀಗಾಯಿತು ಎಂದುಕೊಂಡಳು. ಅದು ನನಗೆ ಅಷ್ಟು ದೂರದಿಂದಲೂ ಕಂಡಿತು.

ನನಗೆ ಎಲ್ಲಿಂದ ಬಂತೋ ಧೈರ್ಯ. ಚಾಕ್‌ಪೀಸ್ ಕೆಳಗಿಟ್ಟೆ. “ಮಕ್ಕಳೇ, ಈಗ ನನ್ನ ಬಾಯಿಂದ ಒಂದು ಹಕಾರ ಬಿತ್ತು. ನಿಮ್ಮ ಮನೆಯಲ್ಲಿ ಹಕಾರ ಬೀಳಿಸುವವರು ಯಾರ್ಯಾರಿದ್ದಾರೆ? ಕೈಯೆತ್ತಿ,” ಎಂದೆ.

ಯಾರೂ ಎತ್ತಲಿಲ್ಲ. ಆಮೇಲೆ ಒಬ್ಬಳು, “ನಮ್ಮಜ್ಜಿ ಮಿಸ್,” ಎಂದಳು. “ನಮ್ಮಪ್ಪ.” “ನಮ್ಮನೇಲಿ ಎಲ್ರೂವೆ ಮಿಸ್.” ನೋಡುನೋಡುತ್ತ ಇಡೀ ತರಗತಿಯ ಕೈ ಮೇಲೆ.

“ನಮ್ಮವ್ವನೂ ಬೀಳಿಸುತ್ತಾಳೆ. ಆ ಹಕಾರವೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತಾಗಿದೆ,” ಎಂದೆ. ಬೋರ್ಡಿನ ಮೇಲೆ ವೇಲ್ಸ್ ಎಂದು ಬರೆದೆ. ತಾದ್, ದಾದ್ ಬರೆದೆ. ಪಕ್ಕದಲ್ಲಿ ತಾವರೆ, ದಾವರೆ ಬರೆದೆ. ಇ ಎನು, ಇ ಹೆನು ಹೇಳಿದೆ. ಮಕ್ಕಳು ಬೆಂಚಿನಿಂದ ಎದ್ದು ನಿಂತರು. “ಮಿಸ್, ಆ ಊರ್ನೋರ್ಗೂ ಸಂಧಿ ಅದಾ? ಅವ್ರೂ ಪರೀಕ್ಷೇಲಿ ಬಿಡಿಸ್ಬೇಕಾ?” ಎಂದು ಒಬ್ಬ ಕೇಳಿದ. ನಾನು ಪಾಠ ಮುಗಿಸುವ ಹೊತ್ತಿಗೆ ಗಂಟೆ ಹೊಡೆದು ಹತ್ತು ನಿಮಿಷವಾಗಿತ್ತು.

ಹೆಡ್‌ಮಾಸ್ಟರು ವಯಸ್ಸಾದವರು. ಎದ್ದು ಬಂದು, “ಸೋಮವಾರದಿಂದ ಬನ್ನಿ,” ಎಂದರು. ಆಮೇಲೆ ಕಿಟಕಿಯತ್ತ ಕೈ ತೋರಿಸಿ, “ಅಲ್ಲಿ ಮರದ ಕೆಳಗೆ ಕೂತಿರೋರು ಯಾರು?” ಎಂದು ಕೇಳಿದರು.

“ನಮ್ಮವ್ವ ಸಾರ್. ನನಗೆ ಮಾತು ಕಲಿಸಿದೋಳು,” ಎಂದೆ. ಬಸ್ ಸ್ಟಾಪಿನಲ್ಲಿ ಹೇಳದೆ ಉಳಿಸಿಕೊಂಡಿದ್ದ ಉತ್ತರ ಅದು.

ಅವ್ವನನ್ನು ಒಳಗೆ ಕರೆಸಿದರು. “ಏನಮ್ಮ, ಮಗಳು ಪಾಠ ಚೆನ್ನಾಗಿ ಮಾಡಿದರು,” ಎಂದರು ಹೆಡ್‌ಮಾಸ್ಟರು. ಅವ್ವ ಕೈಮುಗಿದು, ತಲೆಯಾಡಿಸಿ, ನನ್ನ ಮುಖ ನೋಡಿದಳು. ಅಪ್ಪಣೆ ಕೇಳುವವಳ ಹಾಗೆ. ಇಡೀ ತರಗತಿ ನೋಡುತ್ತಿತ್ತು.

“ಮಾತಾಡವ್ವ,” ಎಂದೆ.

ಅವ್ವ ಒಮ್ಮೆ ಗಂಟಲು ಸರಿಮಾಡಿಕೊಂಡಳು. ಕುರಿ ಕರೆಯುವ ತನ್ನ ಹಳೆಯ ದನಿಯಲ್ಲಿ, “ಮೊದ್ಲು ನಮ್ಮುಡ್ಗೀಗೊಂದು ಲೋಟ ಕಾಪಿ ಕೊಡ್ಸಿ ಸ್ವಾಮಿ. ಒತ್ತಾರಿಂದ ಒಟ್ಟೆಗೇನೂ ಆಕಂಡಿಲ್ಲ,” ಎಂದಳು.

ಮಕ್ಕಳು ನಕ್ಕರು. ಹೆಡ್‌ಮಾಸ್ಟರೂ ನಕ್ಕರು, ಅವ್ವನೂ ನಕ್ಕಳು. ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವ ಬಾಯಿ ಮುಚ್ಚಲಿಲ್ಲ. ತಿಂಗಳುಗಟ್ಟಲೆ ಕಟ್ಟಿಟ್ಟುಕೊಂಡಿದ್ದ ಊರ ಸುದ್ದಿಯನ್ನೆಲ್ಲ ಹೇಳಿದಳು. ಯಾರ ಮನೆಯ ಎಮ್ಮೆ ಈದಿದ್ದು, ಯಾರ ಮದುವೆ ಮುರಿದದ್ದು, ಅಪ್ಪ ಬೀಡಿ ಎಲ್ಲಿ ಬಚ್ಚಿಡುತ್ತಾನೆ ಎಂಬುದು. ನಾನು ಕಿಟಕಿಗೆ ಮುಖ ಕೊಟ್ಟು ಅತ್ತೆ. ಈ ಸಲದ ಅಳು ಬೇರೆ.

ಅಂಗಾರಕ್ಕ ಹೋಗುವ ಮುಂಚೆ ಈ ದ್ರಾಕ್ಷಿ ಬಿಲ್ಲೆ ಮಾಡುವುದನ್ನು ಹೇಳಿಕೊಟ್ಟಳು. ಅವರ ಹಬ್ಬದ ದಿನ ಎದೆಗೆ ಈರುಳ್ಳಿ ಸೊಪ್ಪಿನ ಜಾತಿಯ ಒಂದು ತರಕಾರಿ ಸಿಕ್ಕಿಸಿಕೊಳ್ಳುತ್ತಾರೆ ಎಂದಾಗ ಅವ್ವ, “ಬಸ್ಸಾರ್ಗೆ ಆಕಾದ್ನ ಎದೆಗೆ ಸಿಗಾಕತೀರಾ?” ಎಂದು ಬಿದ್ದು ಬಿದ್ದು ನಕ್ಕಿದ್ದಳು. ಕೊನೆಯ ದಿನ ಅವಳ ಹೆಸರಿನ ಅರ್ಥ ಕೇಳಿದೆ. ತುಂಬ ಪ್ರೀತಿ ಪಡೆದವಳು ಎಂದು ಅರ್ಥವಂತೆ. ಪ್ರೀತಿಗೆ ಅವರಲ್ಲಿ ಕಾರ್ ಎನ್ನುತ್ತಾರೆ. ಆ ಕಕಾರವೇ ಕರಗಿ ಹೆಸರಿನ ನಡುವಿನ ಹಕಾರವಾಗಿದೆ ಎಂದಳು. ನಾವು ಊರಿಗೆ ಊರೇ ಸೇರಿ ಕಿತ್ತು ಬಿಸಾಡಿದ ಅಕ್ಷರ ಅದು. ಕ್ಷಮಿಸು ಎಂದೆ. “ಅಕ್ಷರ ಹೋದರೂ ಅರ್ಥ ಕೊಟ್ಟಿರಲ್ಲ,” ಎಂದಳು ಆ ಪುಣ್ಯಾತ್ಗಿತ್ತಿ. ಅವಳ ಋಣ ದೊಡ್ಡದು. ತೀರಿಸುವ ಆಸೆಯೂ ನನಗಿಲ್ಲ, ಇರಲಿ ಹಾಗೆಯೇ.

ಹದಿನೆಂಟು ವರ್ಷವಾಯಿತು. ಅವರ ಭಾಷೆಯಲ್ಲಿ ಹದಿನೆಂಟಕ್ಕೆ ‘ಎರಡು ಒಂಬತ್ತು’ ಎನ್ನುತ್ತಾರೆ. ಅಪ್ಪ ತೀರಿಕೊಂಡ. ಅವ್ವ ಇಲ್ಲಿ ನನ್ನ ಜೊತೆಗಿದ್ದಾಳೆ, ಬೀದಿಯ ಅರ್ಧ ಜನ ಅವಳ ಮಾತು ಕೇಳಲೆಂದೇ ನಮ್ಮ ಜಗಲಿಗೆ ಬರುತ್ತಾರೆ. ಎಪ್ಪತ್ತೆಂಟಕ್ಕೆ ಮುಂದಿನ ಹಲ್ಲೆಲ್ಲ ಬಿದ್ದು ಈಗ ಸೊಪ್ಪನ್ನು ‘ಹೊಪ್ಪು’ ಎನ್ನುತ್ತಾಳೆ. “ನೋಡ್ಮಗ, ನಿನ್ ಅಕಾರ ಕೊನೆಗೂ ಬಂತು, ತಪ್ಪಿದ್ ಜಾಗಕ್ಕೆ,” ಎಂದು ತಾನೇ ನಗುತ್ತಾಳೆ. ಆದರೆ ನನ್ನದೊಂದು ನಾಚಿಕೆ ಇನ್ನೂ ಉಳಿದಿತ್ತು. ಅವ್ವನನ್ನು ತಿದ್ದುವುದು ಬಿಟ್ಟೆ ನಿಜ, ನನ್ನ ಬಾಯಿ ಮಾತ್ರ ಪಾಠ ಹೇಳಿ ಹೇಳಿ ಪುಸ್ತಕವೇ ಆಗಿಹೋಗಿತ್ತು. ಅವ್ವ ತನ್ನ ಮಾತಿನಲ್ಲಿ ಕೇಳುತ್ತಾಳೆ, ನಾನು ಅಚ್ಚಿನ ಕನ್ನಡದಲ್ಲಿ ಉತ್ತರಿಸುತ್ತೇನೆ. ಬೆಳಿಗ್ಗೆ ನೀವೇ ಕೇಳಿದಿರಲ್ಲ.

ಈಗ ಒಂದು ಗಂಟೆಯ ಕೆಳಗೆ ಫೋನು ಬಂತು. ವಿಡಿಯೊದಲ್ಲಿ ಅಂಗಾರಕ್ಕ, ಎದೆಗೆ ಆ ತರಕಾರಿ, ಹಿಂದೆ ಒದ್ದೆ ಗುಡ್ಡ, ಗುಡ್ಡದ ತುಂಬ ಕುರಿ. ತೊಡೆಯ ಮೇಲೆ ಅವಳ ಆರು ವರ್ಷದ ಮಗಳು. ಮಗಳು ಕ್ಯಾಮೆರಾಕ್ಕೆ ಮೂಗು ತಾಗಿಸಿ, ಕಲಿತದ್ದನ್ನು ಒಪ್ಪಿಸಿದಳು:

“ಅವ್ವ, ಉಸಾರಾ?”

ಹುಷಾರಾ ಎನ್ನಬೇಕು. ಹಕಾರ ಬಿದ್ದಿತ್ತು, ಷಕಾರ ಸಕಾರವಾಗಿತ್ತು. ಟೀಚರ್ ಬಾಯಿ ನನ್ನದು, ತಾನಾಗಿ ತೆರೆಯಿತು. ಬೇಗ ಒಂದು ಬಿಸಿ ಬಿಲ್ಲೆ ತುರುಕಿಕೊಂಡೆ.

ಅವ್ವ ಫೋನನ್ನು ಎರಡು ಕೈಯಲ್ಲಿ ಹಿಡಿದುಕೊಂಡು, “ನಾನ್ ಉಸಾರು ಕಣ್ ಕೂಸೆ. ಕುರಿ ಮರಿ ಉಸಾರಾ? ಅಸಿ ಹೊಪ್ಪು ಆಕುದ್ರಾ?” ಎಂದು ಶುರುಮಾಡಿದಳು. ಅರ್ಧ ಗಂಟೆ ಮಾತಾಡಿ ಇಟ್ಟಳು. ಇಟ್ಟವಳು ನನ್ನ ಕಡೆ ತಿರುಗಿದಳು. ಅವಳ ಕಣ್ಣಿಗೆ ಏನೂ ತಪ್ಪುವುದಿಲ್ಲ.

“ಆ ಮಗ ಮಾತಾಡ್ದಾಗ ಏನೋ ಏಳಕ್ ಬಾಯ್ ತಗ್ದೆ?”

ಬಾಯಲ್ಲಿ ಇನ್ನೊಂದು ಬಿಲ್ಲೆ ಇತ್ತು. ಒಂದು ಮಗ್ಗುಲು ಚೆನ್ನಾಗಿ ಬೆಂದಿತ್ತು, ಇನ್ನೊಂದು ಮಗ್ಗುಲು ಕರಿ. ದ್ರಾಕ್ಷಿಯ ಕಹಿ ನಾಲಿಗೆಗೆ ತಾಗುತ್ತಿತ್ತು. ಬೆಳಿಗ್ಗೆ ಅವ್ವ ಹೇಳಿದ್ದೇ ಸರಿಯಾಗಿತ್ತು.

“ಏನಿಲ್ಲ ಕಣವ್ವ,” ಎಂದೆ. “ತಳ ಅತ್ತದೆ.”